ಕಂದಿಕೆರೆಯಿಂದ ಒಂದು ಗಣಕಯಾತ್ರೆ

ಕಾಶೀಯಾತ್ರೆ ರಾಮೇಶ್ವರಯಾತ್ರೆಗಳ ವೃತ್ತಾಂತಗಳನ್ನು ವಾಚಕರು ಇಂತಹ ಪುಟಗಳಲ್ಲಿ ಅನೇಕ ಸಲ ಓದಿರುವರು. ನಾವು ಈಗ ನಿವೇದಿಸಲಿರುವ ಯಾತ್ರೆಯಲ್ಲಿ ಕ್ಷೇತ್ರವೂ ಇಲ್ಲ, ತೀರ್ಥಸ್ನಾನವೂ ಇಲ್ಲ. ಕಂದಿಕೆರೆಯಿಂದ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ, ಐದು ಕ್ವಿಂಟಾಲ್ ಕೊಬ್ಬರಿಯ ಹಣವನ್ನು ಅಲ್ಲಿ ಸುರಿದು, ಕೆಲವು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಅದೇ ರಾತ್ರಿ ಮನೆಗೆ ಹಿಂದಿರುಗಿದ ಸಂಗತಿಯಿದು. ಯಾತ್ರೆಯ ಫಲವು ಮನೆಗೆ ಬಂದ ಮೇಲೆಯೇ ತಿಳಿಯತಕ್ಕುದೆಂದು ಹಿರಿಯರು ಹೇಳುವುದುಂಟು. ನಮ್ಮ ವಿಷಯದಲ್ಲಿಯೂ ಹಾಗೆಯೇ ಆಯಿತು.

ಕಂದಿಕೆರೆಯು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ಒಂದು ಹೋಬಳಿಯ ಮುಖ್ಯ ಗ್ರಾಮ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬೀ ತಾಲ್ಲೂಕುಗಳ ನೆಲವನ್ನು ಜನರು ಕಲ್ಪತರು ನಾಡೆಂದು ಕರೆಯುವರು. ಇಲ್ಲಿಯ ತೆಂಗಿಗೆ ಹೆಸರು ತಂದಿರುವುದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಕೆಡವಿ, ಸಿಪ್ಪೆ ಸುಲಿಯದೆ ಮನೆಯ ಅಟ್ಟಕ್ಕೆ ಏರಿಸಿ, ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಬಿಡಿಯಾಗುವುದು. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದು ಕೇಳುವುದು. ಆಗ ಸುಲಿದು, ಚಿಪ್ಪೊಡೆದು, ಉಂಡೆಯನ್ನು ಮುರಿಯದೆ ತೆಗೆದು ತಿಪಟೂರಿನ ಮಾರುಕಟ್ಟೆಗೆ ಸಾಗಿಸತಕ್ಕದ್ದು. ಆತುರಪಟ್ಟು ಒಂದು ತಿಂಗಳು ಮುಂಚೆ ಒಡೆದರೆ ಹಸಿ ತಿರುಳು ಕೈಗೆ ಬರುವುದೇ ಹೊರತು ಕೊಬ್ಬರಿಯಲ್ಲ. ಈ ಪಾಠವನ್ನು ಅಟ್ಟದ ಕೆಳಗೆ ಅರುವತ್ತು ವರ್ಷ ಬಾಳಿದ ನಾವು ಮರೆತೆವೆಂಬುದೇ ಈ ಲೇಖನಕ್ಕೆ ಕಾರಣ.

ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದವರು. ನಮ್ಮ ಕಿರಿಯ ಮಗಳು ಇಂಜಿನಿಯರಿಂಗ್ ಓದಿನ ಕಡೆಯ ವರ್ಷದಲ್ಲಿದ್ದಳು. ತೆಂಗಿನ ಗರಿಯ ಭಾವಚಿತ್ರವನ್ನು ನೋಡಿ, ಅದು ಆರೋಗ್ಯದಿಂದಿದೆಯೋ, ನೀರಿಲ್ಲದೆ ಒಣಗಿದೆಯೋ, ಅಥವಾ ಕಪ್ಪುತಲೆ ಹುಳುವಿನ ಬಾಧೆಗೆ ತುತ್ತಾಗಿದೆಯೋ ಎಂಬುದನ್ನು ಗಣಕಯಂತ್ರವೇ ಹೇಳುವಂತೆ ಮಾಡುವುದು ಅವಳು ಆರಿಸಿಕೊಂಡ ಕೆಲಸ. ಈ ಹುಳು ಗರಿಯ ಕೆಳಮೈಯಲ್ಲಿ ಬಲೆ ಹೆಣೆದು, ಹಸುರನ್ನು ಕೆರೆದು ತಿನ್ನುವುದು. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗುಲಿದಂತೆ ಕಾಣುವುದು. ಬೇಗ ಗೊತ್ತಾದರೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ತೋಟದಲ್ಲಿ ಬಿಟ್ಟು ಹತೋಟಿಗೆ ತರಬಹುದು; ಬರದಿಂದ ಒಣಗಿದೆಯೆಂದು ಭ್ರಮಿಸಿ ಸುಮ್ಮನಿದ್ದರೆ ಪಕ್ಕದ ತೋಟಕ್ಕೂ ಹಬ್ಬುವುದು. ನಮ್ಮ ಹನ್ನೆರಡು ಮರಗಳಲ್ಲಿ ನಾವೇ ಹೀಗೆ ಭ್ರಮಿಸಿ ನಷ್ಟಪಟ್ಟಿದ್ದೆವು. ಆದುದರಿಂದ ಮಗಳ ಉದ್ದೇಶವು ನಮಗೆ ಪ್ರಿಯವಾಯಿತು. ಆದರೆ ಸಾವಿರಾರು ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ ತೋರಿಸಿ ಕಲಿಸಬೇಕಾದರೆ ಅವಳ ಹಳೆಯ ಮಡಿಲುಗಣಕಕ್ಕೆ ಎರಡು ಹಗಲು ಎರಡು ರಾತ್ರಿ ಹಿಡಿಯುತ್ತಿದ್ದಿತು.

ಅದು 2023ನೆಯ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ನಾವು ಮಾರಿದ ದಿನ ಪೇಟೆಯಲ್ಲಿ ನಮಗೆ ದೊರೆತದ್ದು 8,200 ರೂಪಾಯಿ. ಐದು ಕ್ವಿಂಟಾಲಿಗೆ 41,000 ರೂಪಾಯಿಯಾಯಿತು. ಆ ಹಣವು ಅಟ್ಟದ ಎರಡು ತೊಲೆಗಳನ್ನು ಬದಲಾಯಿಸುವುದಕ್ಕೆಂದು ಮೀಸಲಾಗಿದ್ದಿತು. “ತೊಲೆ ಮುರಿದು ಅಟ್ಟ ಕುಸಿದರೆ ಮುಂದಿನ ವರುಷದ ಕಾಯಿ ಎಲ್ಲಿಡುತ್ತೀರಿ? ನಿಮ್ಮ ಗಣಕದ ಮೇಲೋ?” ಎಂದು ಗೃಹಿಣಿಯು ಕೇಳಿದಳು. ಉತ್ತರ ನಮ್ಮಲ್ಲಿರಲಿಲ್ಲ. ಮೂರು ದಿನಗಳಾದ ಮೇಲೆ ಅವಳೇ, “ತೊಲೆಗೆ ಒಂದು ಊರೆಗಂಬ ಕೊಡಿಸಿ, ಹುಡುಗಿಯ ಓದಿಗೆ ಊರೆ ಕೊಡಲು ಬರುವುದಿಲ್ಲ” ಎಂದಳು. ಹಣಕ್ಕೆ ಮಿತಿಯು ಮಾತ್ರ ಅಷ್ಟೇ: 41,000, ಅದರ ಮೇಲೆ ಒಂದು ಕಾಸೂ ಇಲ್ಲ.

ಸಿದ್ಧವಾದ ಯಂತ್ರವನ್ನು ಕೊಳ್ಳುವುದಾದರೆ ಆ ಹಣಕ್ಕೆ ನಮಗೆ ಬೇಕಾದ ಶಕ್ತಿಯುಳ್ಳದ್ದು ಸಿಕ್ಕುತ್ತಿರಲಿಲ್ಲ. ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸುವುದೆಂದು ಮಗಳು ನಿಶ್ಚಯಿಸಿದಳು. ಒಂದು ಬೆಳಗಿನ ಜಾವ ನಾವೂ ಅವಳೂ ಹೊರಟು, ಚಿಕ್ಕನಾಯಕನಹಳ್ಳಿಯ ಮಾರ್ಗವಾಗಿ ಬಸ್ಸಿನಲ್ಲಿ ತಿಪಟೂರನ್ನು ಸೇರಿ, ಅಲ್ಲಿ ರೈಲನ್ನು ಹಿಡಿದೆವು. ಬಾಣಸಂದ್ರ, ಅಮ್ಮಸಂದ್ರ, ನಿಟ್ಟೂರು, ಗುಬ್ಬಿ ಎಂದು ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿದವು. ಎರಡು ಕಡೆಗಳಲ್ಲಿಯೂ ತೆಂಗಿನ ತೋಟ, ನಡುನಡುವೆ ತೆನೆ ತುಂಬದೆ ನಿಂತ ರಾಗಿಯ ಹೊಲ. ಮಗಳು ಕಿಟಕಿಯ ಬಳಿ ಕುಳಿತು, ಗರಿ ಕೆಂಪಾದ ತೋಟ ಕಂಡಾಗಲೆಲ್ಲ, “ಅಪ್ಪ, ಅದು ಹುಳುವೋ ಬರವೋ ಹೇಳಿ ನೋಡೋಣ” ಎನ್ನುವಳು. ನಾವು ಒಂದು ಹೇಳಿದರೆ ಅವಳು ಒಂದು ಹೇಳುವಳು. ಓಡುವ ರೈಲಿನಿಂದ ಇಬ್ಬರಿಗೂ ನಿಶ್ಚಯವಾಗಿ ತಿಳಿಯುವಂತಿರಲಿಲ್ಲ. ತುಮಕೂರನ್ನು ದಾಟಿದಮೇಲೆ ತೆಂಗು ವಿರಳವಾಗಿ, ಕಟ್ಟಡಗಳು ದಟ್ಟವಾದವು.

ಬೆಂಗಳೂರಿನಲ್ಲಿ ಮೆಟ್ರೋ ರೈಲಿನಿಂದ ಚಿಕ್ಕಪೇಟೆಯಲ್ಲಿಳಿದು, ಅವೆನ್ಯೂ ರಸ್ತೆಯ ಮೂಲಕ ನಡೆದೆವು. ಆ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ನಮಗೆ ವಿದ್ಯಾರ್ಥಿದೆಸೆಯಿಂದಲೂ ಪರಿಚಿತವಾದುವು. ಒಂದೆಡೆ ಸಂಸ್ಕೃತ ನಿಘಂಟೊಂದು ಕಣ್ಣಿಗೆ ಬಿದ್ದು, ಕಾಲು ತಾನಾಗಿ ನಿಂತಿತು. ಬೆಲೆಯನ್ನು ಕೇಳಿ, ಜೇಬಿನಲ್ಲಿದ್ದುದು ಮಗಳ ಹಣವೆಂಬುದನ್ನು ನೆನೆದು, ಪುಸ್ತಕವನ್ನು ಇದ್ದಲ್ಲಿಯೇ ಇಟ್ಟೆವು. ಅಲ್ಲಿಂದ ಅನತಿದೂರದಲ್ಲಿಯೇ ಎಸ್. ಪಿ. ರಸ್ತೆ. ಪತ್ರಪ್ಪನವರ ಹೆಸರನ್ನು ಹೊತ್ತ ಈ ಇಕ್ಕಟ್ಟಾದ ಬೀದಿಯಲ್ಲಿ ತಂತಿ, ತಿರುಪು, ಫ್ಯಾನು, ಮದರ್‌ಬೋರ್ಡುಗಳು ಸಂತೆಯ ತರಕಾರಿಯಂತೆ ಹರಡಿರುವುವು. ಅಂಗಡಿಯು ಎಂಟಡಿ ಅಗಲವಿದ್ದರೆ ಹೆಚ್ಚು. ಸರಕು ಮಾತ್ರ ಚಾವಣಿಯವರೆಗೆ. ಕೈಗಾಡಿ, ದ್ವಿಚಕ್ರವಾಹನ, ತಲೆಹೊರೆಯವರ ನಡುವೆ ನಾವು ಪಂಚೆಯನ್ನು ಎತ್ತಿ ಹಿಡಿದು ಸಾಗಿದೆವು.

ಮಗಳು ಚೀಟಿಯಲ್ಲಿ ಬರೆದು ತಂದಿದ್ದ ಪಟ್ಟಿಯಂತೆ ವ್ಯಾಪಾರ ನಡೆಯಿತು. ಗಣಕದ ಮೆದುಳೆನಿಸಿದ ಪ್ರೊಸೆಸರು ಎ. ಎಂ. ಡಿ. ಸಂಸ್ಥೆಯ ರೈಜನ್ 5 5600ಜಿ ಎಂಬುದು. ಅದರೊಳಗೆ ಆರು ಕೋರುಗಳಿವೆ. ಚಿತ್ರವನ್ನು ಪರದೆಗೆ ಕಳುಹಿಸುವ ಭಾಗವೂ ಅದರಲ್ಲಿಯೇ ಅಡಕವಾಗಿರುವುದರಿಂದ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಯಿತು. ಮದರ್‌ಬೋರ್ಡಿನ ವಿಷಯದಲ್ಲಿ ಅಂಗಡಿಯ ತರುಣನು, “ಸಾರ್, ಎ520 ಬೋರ್ಡ್ ತಗೊಳ್ಳಿ, ಸಾವಿರದೈನೂರು ಉಳಿಯುತ್ತೆ” ಎಂದನು. ನಾವು ತಲೆದೂಗುವಷ್ಟರಲ್ಲಿ ಮಗಳು ತಡೆದು, ಆ ಬೋರ್ಡಿನಲ್ಲಿ ಪ್ರೊಸೆಸರಿನ ವೇಗವನ್ನು ನಮ್ಮ ಕೈಯಿಂದ ಹೆಚ್ಚಿಸಲು ಅವಕಾಶವಿಲ್ಲವೆಂದೂ, ಬಿ450ರಲ್ಲಿ ಇರುವುದೆಂದೂ ವಿವರಿಸಿದಳು. ತರುಣನು ನಕ್ಕು, ಬಿ450ನ್ನೇ ತೆಗೆದು, ಹೊಸ ಪ್ರೊಸೆಸರನ್ನು ಗುರುತಿಸುವಂತೆ ಅದರ ಬಯಾಸ್ ತಂತ್ರಾಂಶವನ್ನೂ ನವೀಕರಿಸಿ ಕೊಟ್ಟನು.

ಗೃಹಸ್ಥರಿಗೆ ಉಪಯೋಗವಾಗಬಹುದೆಂದು ಆ ದಿನದ ಲೆಕ್ಕವನ್ನು ಇಲ್ಲಿ ಬರೆಯುವೆವು. ಪ್ರೊಸೆಸರು 11,500, ಮದರ್‌ಬೋರ್ಡು 6,500, ಎಂಟೆಂಟು ಜಿಬಿಯ ಎರಡು ರ್ಯಾಮ್ ಪಟ್ಟಿಗಳು 3,500, 500 ಜಿಬಿಯ ಎಸ್‌ಎಸ್‌ಡಿ 2,800, ವಿದ್ಯುತ್ತನ್ನು ಹಂಚುವ 450 ವ್ಯಾಟಿನ ಪವರ್ ಸಪ್ಲೈ 3,200, ಕ್ಯಾಬಿನೆಟ್ಟು 2,300, ಮಾನಿಟರು 7,000, ಯುಪಿಎಸ್ 3,000, ಕೀಲಿಮಣೆ ಮೌಸುಗಳು 900. ಒಟ್ಟು 40,700 ರೂಪಾಯಿ. ಉಳಿದ 300ರಲ್ಲಿ ಇಬ್ಬರ ಊಟ, ಹಿಂದಿರುಗುವ ಟಿಕೆಟ್ಟು. ಇದು ಆ ವರ್ಷದ ಬೆಲೆಯೆಂಬುದನ್ನು ಮರೆಯಬಾರದು. ಈ ಸರಕಿನ ದರವು ಕೊಬ್ಬರಿಯ ದರದಂತೆಯೇ ಏರುವುದು, ಇಳಿಯುವುದು. ಒಂದು ಮಾತನ್ನು ಮಾತ್ರ ಒತ್ತಿ ಹೇಳುವೆವು: ಹಣ ಸಾಲದಾದಾಗ ಕ್ಯಾಬಿನೆಟ್ಟಿನ ಅಂದದಲ್ಲಿ ಕಡಮೆಮಾಡಿಕೊಳ್ಳಬಹುದು, ಪವರ್ ಸಪ್ಲೈಯಲ್ಲಿ ಕಡಮೆಮಾಡಿಕೊಳ್ಳಬಾರದು. ಕಳಪೆಯಾದುದು ಕೆಟ್ಟರೆ ತಾನೊಂದೇ ಕೆಡದೆ ಉಳಿದುದನ್ನೂ ಕೆಡಿಸೀತು.

ಮರುದಿನ ಅಟ್ಟದ ಕೆಳಗಿನ ಕೋಣೆಯಲ್ಲಿ ಹಲಗೆಯನ್ನು ಹಾಕಿ ಜೋಡಣೆಗೆ ತೊಡಗಿದೆವು. ಮೈಯಲ್ಲಿ ಕೂಡಿರುವ ಸ್ಥಿರವಿದ್ಯುತ್ತು ಭಾಗಗಳನ್ನು ಕೆಡಿಸಬಹುದಾದುದರಿಂದ ಆಗಾಗ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿಕೊಳ್ಳುತ್ತಿರಬೇಕು. ಪ್ರೊಸೆಸರಿನ ಅಡಿಯಲ್ಲಿ 1,331 ಸೂಕ್ಷ್ಮವಾದ ಕಡ್ಡಿಗಳಿರುವುವು. ಮೂಲೆಯ ಚಿನ್ನದ ಬಣ್ಣದ ತ್ರಿಕೋಣವು ಬೋರ್ಡಿನ ತ್ರಿಕೋಣಕ್ಕೆ ಸರಿಹೊಂದುವಂತೆ ಇಟ್ಟರೆ ಅದು ತನ್ನ ಭಾರದಿಂದಲೇ ಕುಳಿತುಕೊಳ್ಳುವುದು. ಒತ್ತಿದರೆ ಕಡ್ಡಿ ಬಾಗುವುದು. ಅದರ ಮೇಲೆ ಫ್ಯಾನು ಸಹಿತವಾದ ಶೀತಕ. ಬಳಿಕ ರ್ಯಾಮ್ ಪಟ್ಟಿಗಳು. ಒಂದೇ ದೊಡ್ಡ ಪಟ್ಟಿಗಿಂತ ಎರಡು ಸಣ್ಣವು ಮೇಲು. ಎರಡು ಕಾಲುವೆಗಳಲ್ಲಿ ನೀರು ಬಂದಂತೆ ಪ್ರೊಸೆಸರಿಗೆ ವಿಷಯವು ಇಮ್ಮಡಿಯಾಗಿ ಒದಗುವುದು. ಎಲ್ಲವೂ ಮುಗಿದು ಗುಂಡಿಯೊತ್ತಿದಾಗ ಫ್ಯಾನುಗಳು ತಿರುಗಿದವು. ಪರದೆಯು ಮಾತ್ರ ಕತ್ತಲೆಯಾಗಿಯೇ ಉಳಿಯಿತು. ಗೃಹಿಣಿಯು ಬಾಗಿಲಲ್ಲಿ ನಿಂತು, ಏನನ್ನೂ ನುಡಿಯದೆ ಅಟ್ಟದ ತೊಲೆಯನ್ನು ನೋಡಿದಳು. ಒಂದು ಗಂಟೆಯ ಹುಡುಕಾಟದ ಮೇಲೆ ದೋಷವು ಸಿಕ್ಕಿತು: ಪ್ರೊಸೆಸರಿಗೆಂದೇ ಇರುವ ಎಂಟು ಕಡ್ಡಿಗಳ ವಿದ್ಯುತ್ ತಂತಿಯನ್ನು ಸಿಕ್ಕಿಸುವುದನ್ನು ನಾವು ಮರೆತಿದ್ದೆವು. ಸಿಕ್ಕಿಸಿದೊಡನೆ ಪರದೆ ಬೆಳಗಿತು.

ಮತ್ತೊಂದು ತೊಡಕು ನಮ್ಮ ಮನೆಯದೇ. ಕ್ಯಾಬಿನೆಟ್ಟನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿದ್ದಿತು. ಹಳೆಯ ಮನೆಗೆ ಸರಿಯಾದ ಭೂಸಂಪರ್ಕವಿಲ್ಲದಿರುವುದು ಕಾರಣ. ವಿದ್ಯುತ್ ಕೆಲಸದವನನ್ನು ಕರೆಯಿಸಿ, ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪುಗಳನ್ನು ತುಂಬಿ ಅರ್ತಿಂಗ್ ಮಾಡಿಸಿದೆವು. ಹಳ್ಳಿಯ ಮನೆಗಳಲ್ಲಿ ಗಣಕವನ್ನು ತರುವವರು ಈ ಕೆಲಸವನ್ನು ಮೊದಲು ಮಾಡಿಸತಕ್ಕದ್ದು.

ಇನ್ನು ಮುಖ್ಯ ವಿಷಯಕ್ಕೆ ಬರುವೆವು. ಪ್ರೊಸೆಸರು ಕೆಲಸಮಾಡುವುದು ತಾಳದ ಮೇಲೆ. ಅದರೊಳಗಿನ ಗಡಿಯಾರದ ಒಂದೊಂದು ಮಿಡಿತಕ್ಕೆ ಒಂದೊಂದು ಹೆಜ್ಜೆ. 3.9 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 390 ಕೋಟಿ ಮಿಡಿತ; ಇದು ತಯಾರಕರು ನಮ್ಮ ಪ್ರೊಸೆಸರಿಗೆ ಗೊತ್ತುಮಾಡಿದ ಮೂಲವೇಗ. ಅನುಕೂಲವಿದ್ದಾಗ ತಾನಾಗಿ 4.4ರವರೆಗೆ ಏರುವುದು. ಈ ವೇಗವನ್ನು ನಾವೇ ಗೊತ್ತುಮಾಡಿ ಹೆಚ್ಚಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಮಗಳು ಇದನ್ನು ವಿವರಿಸಿದಾಗ ನಮಗೆ ನಮ್ಮ ಪಾಠಶಾಲೆಯ ಮಾತ್ರಾಕಾಲವು ನೆನಪಾಯಿತು. ವೇದಪಠನದಲ್ಲಿ ದ್ರುತ, ಮಧ್ಯಮ, ವಿಳಂಬಿತವೆಂದು ಮೂರು ಗತಿಗಳು. ದ್ರುತದಲ್ಲಿ ಹೆಚ್ಚು ಪಾಠವು ಬೇಗ ಮುಗಿಯುವುದು. ಆದರೆ ಉಸಿರು ಹೆಚ್ಚು ಬೇಕು, ಮೈ ಬಿಸಿಯೇರುವುದು, ಒಂದು ಮೇರೆಯನ್ನು ದಾಟಿದರೆ ಅಕ್ಷರಲೋಪವಾಗುವುದು. ಯಂತ್ರದಲ್ಲಿಯೂ ಹಾಗೆಯೇ. ಉಸಿರಿನ ಸ್ಥಾನದಲ್ಲಿ ವೋಲ್ಟೇಜು. ಮೈಬಿಸಿಯ ಸ್ಥಾನದಲ್ಲಿ ಪ್ರೊಸೆಸರಿನ ಶಾಖ. ಅಕ್ಷರಲೋಪವಾದರೆ ಲೆಕ್ಕ ತಪ್ಪಿ ಯಂತ್ರವು ನಿಂತುಹೋಗುವುದು. ಹೀಗೆ ವೇಗ ಹೆಚ್ಚಿಸಿ ಪ್ರೊಸೆಸರು ಕೆಟ್ಟರೆ ತಯಾರಕರ ಖಾತರಿಯು ಅನ್ವಯಿಸದೆಂಬುದನ್ನೂ ಮಗಳು ಮೊದಲೇ ತಿಳಿಸಿದಳು.

ಹಾಗಿದ್ದೂ ಈ ಸಾಹಸವೇತಕ್ಕೆ? ಹೊಸ ಯಂತ್ರಕ್ಕೆ ಒಂದು ಸುತ್ತಿನ ಪಾಠ ಕಲಿಸಲು 9 ಗಂಟೆ 40 ನಿಮಿಷ ಹಿಡಿಯುತ್ತಿದ್ದಿತು. ರಾತ್ರಿ 10ರ ತರುವಾಯ ಊರು ಮಲಗಿದಮೇಲೆಯೇ ವೋಲ್ಟೇಜು ನೆಲೆಗೊಳ್ಳುವುದು. ಆ ದಿನಗಳಲ್ಲಿ ಬೆಳಗ್ಗೆ 7ಕ್ಕೆ ವಿದ್ಯುತ್ತು ನಿಲ್ಲುತ್ತಿದ್ದಿತು. ಯುಪಿಎಸ್ ಕಾಪಾಡುವುದು 20 ನಿಮಿಷ. ಅಂದರೆ 7 ಗಂಟೆ 20ಕ್ಕೆ ಯಂತ್ರವು ಆರಿಹೋಗುವುದು. ಕೆಲಸ ಮುಗಿಯುವುದು 7 ಗಂಟೆ 40ಕ್ಕೆ. ಈ ಇಪ್ಪತ್ತು ನಿಮಿಷಗಳ ಕೊರತೆಯಿಂದ ಇಡೀ ರಾತ್ರಿಯ ಕೆಲಸವು ಎರಡು ಸಲ ನೀರುಪಾಲಾಯಿತು.

ಮಗಳು ಮೆಲ್ಲನೆ ತೊಡಗಿದಳು. ಮೊದಲು ರ್ಯಾಮಿನ ಸರದಿ. ಅದರ ಮೇಲೆ 3200 ಎಂದು ಮುದ್ರಿತವಾಗಿದ್ದರೂ ಬಯಾಸಿನಲ್ಲಿ ಗುರುತುಮಾಡುವವರೆಗೆ ಅದು 2666ರಲ್ಲಿಯೇ ನಡೆಯುತ್ತಿದ್ದಿತು. ಎಷ್ಟೋ ಮನೆಗಳಲ್ಲಿ ಹಣ ಕೊಟ್ಟು ತಂದ ವೇಗವು ಹೀಗೆ ಬಳಕೆಗೆ ಬಾರದೆ ಬಿದ್ದಿರಬಹುದು. ಅದನ್ನು ಸರಿಪಡಿಸಿ, ರಾತ್ರಿಯೆಲ್ಲ ಸ್ಮೃತಿಪರೀಕ್ಷೆಯನ್ನು ನಡೆಯಿಸಿ, ತಪ್ಪಿಲ್ಲವೆಂದು ಕಂಡಮೇಲೆ ಪ್ರೊಸೆಸರಿಗೆ ಕೈ ಹಾಕಿದಳು. ಆರು ಕೋರುಗಳೂ ದುಡಿಯುವಾಗ ಸುಮಾರು 4.2ರಲ್ಲಿ ನಿಲ್ಲುತ್ತಿದ್ದ ವೇಗವನ್ನು ಒಂದೊಂದೇ ಮೆಟ್ಟಿಲಾಗಿ ಏರಿಸಿ, 1.25 ವೋಲ್ಟಿನಲ್ಲಿ 4.4ಕ್ಕೆ ತಂದಳು. ಪ್ರತಿ ಮೆಟ್ಟಿಲಿಗೂ ಗಂಟೆಗಟ್ಟಲೆ ಪರೀಕ್ಷೆ; ಪ್ರತಿ ಪರೀಕ್ಷೆಯ ಶಾಖವೂ ಪುಸ್ತಕದಲ್ಲಿ ದಾಖಲೆ. ಒಂದು ವಾರದ ಮೇಲೆ ಕೆಲಸವು 8 ಗಂಟೆ 40 ನಿಮಿಷಗಳಲ್ಲಿ ಮುಗಿಯಿತು. ಬೆಳಗ್ಗೆ 6 ಗಂಟೆ 40ಕ್ಕೆ ಫಲ ಸಿದ್ಧ. ದೀಪ ಹೋಗುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಅಂದು ಗೃಹಿಣಿಯು ಪಾಯಸವನ್ನು ಮಾಡಿದಳು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿದ್ದಿತು. 2024ರ ಏಪ್ರಿಲ್ ಬಂದಿತು. ಮಗಳು ಕೆಲಸವನ್ನು ಒಪ್ಪಿಸಲು ಹನ್ನೆರಡು ದಿನಗಳಿದ್ದವು. ಉಸಿರು ಹೆಚ್ಚು ಕೊಟ್ಟರೆ ಗತಿ ಇನ್ನೂ ಹೆಚ್ಚಲಾರದೇ ಎಂದು ನಾವು ತಗಾದೆ ಹಿಡಿದೆವು. “ಬೇಡ ಅಪ್ಪ, ಈಗ ಸೆಖೆ ಜಾಸ್ತಿ” ಎಂದಳು. “ಮೊದಲ ಮೆಟ್ಟಿಲಿಗೂ ನೀನು ಹೀಗೆಯೇ ಅಂಜಿದ್ದೆ, ಮಗು, ಪ್ರಯತ್ನಿಸಿ ನೋಡು” ಎಂದೆವು. ನಾಲ್ಕು ದಿನ ಇದೇ ಮಾತು. ಕೊನೆಗೆ ಅವಳು 1.35 ವೋಲ್ಟಿಗೆ ಏರಿಸಿ 4.6ಕ್ಕೆ ಇಟ್ಟಳು. ಹತ್ತು ನಿಮಿಷ ಪರೀಕ್ಷಿಸಿ, ಸಾಕೆಂದು ನಾವೇ ಹೇಳಿ, ರಾತ್ರಿಯ ಕೆಲಸಕ್ಕೆ ಹಚ್ಚಿಸಿದೆವು. ಮೂರು ಗಂಟೆಯ ಹೊತ್ತಿಗೆ ಪರದೆ ಕಪ್ಪಾಯಿತು. ಶಾಖವು 90 ಡಿಗ್ರಿಯನ್ನು ದಾಟಿದ್ದಿತು. ಐದು ಗಂಟೆಗಳ ಕೆಲಸ ಹಾಳಾಯಿತು. ಯಂತ್ರವು ಬಹಳ ಹೊತ್ತು ಮತ್ತೆ ಏಳಲಿಲ್ಲ. 11,500 ರೂಪಾಯಿಯ ಪ್ರೊಸೆಸರು ಸುಟ್ಟುಹೋಯಿತೆಂದೇ ನಾವು ಕುಸಿದು ಕುಳಿತೆವು.

ಮಗಳು ಕೂಗಾಡಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಕ್ಯಾಬಿನೆಟ್ಟನ್ನು ಬಿಚ್ಚಿದಳು. ಶೀತಕದ ಅಲ್ಯೂಮಿನಿಯಂ ಹಲ್ಲುಗಳ ನಡುವೆ ತೆಂಗಿನ ನಾರಿನ ಧೂಳು ಮೆತ್ತೆಯಂತೆ ಕೂತಿದ್ದಿತು. ಆ ವಾರ ಪಕ್ಕದ ಜಗುಲಿಯಲ್ಲಿಯೇ ಕಾಯಿ ಸುಲಿಸಿದ್ದೆವು. ಕುಂಚದಿಂದ ಒರೆಸಿ, ಬೋರ್ಡಿನ ಸಣ್ಣ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದಾಗ ಮಾರ್ಪಾಟುಗಳೆಲ್ಲ ಅಳಿಸಿಹೋಗಿ, ಯಂತ್ರವು ತನ್ನ ಮೂಲವೇಗದಲ್ಲಿ ಎದ್ದಿತು. ಆಗ ಅವಳು, “ಅಪ್ಪ, ಯಂತ್ರಕ್ಕೆ ಇನ್ನೂರು ಹೆಚ್ಚು ಸಿಕ್ಕಿತು, ನನಗೆ ಒಂದು ರಾತ್ರಿ ಕಡಮೆಯಾಯಿತು” ಎಂದಳು. ಕಣ್ಣು ಕೆಂಪಾಗಿದ್ದುದನ್ನು ಆಗಲೇ ನಾವು ನೋಡಿದುದು. ಹದಿನೈದು ದಿನಗಳಿಂದ ಅವಳು ನೆಟ್ಟಗೆ ನಿದ್ರೆಮಾಡಿರಲಿಲ್ಲ.

ಬೆಳಗಾದಮೇಲೆ ನಾವು ಕಾಗದವನ್ನು ಹಿಡಿದು ಲೆಕ್ಕಮಾಡಿದೆವು. ವಿದ್ಯುತ್ತಿನ ವೆಚ್ಚವು ವೇಗಕ್ಕೆ ತಕ್ಕಂತೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುವುದು. 4.4ರಿಂದ 4.6ಕ್ಕೆ ಹೋದರೆ ವೇಗದಲ್ಲಿ ಲಾಭವು ನೂರಕ್ಕೆ 5ಕ್ಕೂ ಕಡಮೆ. ಶಾಖವು ಹೆಚ್ಚುವುದು ನೂರಕ್ಕೆ ಸುಮಾರು 22. ಮೊದಲ ಏರಿಕೆಯು ಅಗ್ಗ, ಕೊನೆಯ ಏರಿಕೆಯು ದುಬಾರಿ. ಈ ಅಂಕಿಗಳನ್ನು ನೋಡುತ್ತ ನಮಗೆ ಇಪ್ಪತ್ತೈದು ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿಯು ನೆನಪಾದನು. ಶಬ್ದರೂಪಗಳನ್ನು ಹುಡುಗರೆಲ್ಲರಿಗಿಂತ ಬೇಗ ಒಪ್ಪಿಸುತ್ತಿದ್ದನು. ಅವನು ಒಪ್ಪಿಸಿದಷ್ಟೂ ನಾವು ಮತ್ತಷ್ಟು ಹೇರಿದೆವು. ಅವನ ಮುಖವನ್ನು ನೋಡಲಿಲ್ಲ. ಒಂದು ದಿನ ತರಗತಿಯಲ್ಲಿ ಬಾಯಿ ಕಟ್ಟಿ ನಿಂತನು. ಮರುವಾರದಿಂದ ಶಾಲೆಗೆ ಬರಲಿಲ್ಲ. ಅವನ ಸೋಮಾರಿತನವೆಂದು ಅಂದು ನಾವು ಹೇಳಿಕೊಂಡು ತಿರುಗಿದೆವು. ಅದು ನಮ್ಮ ತಪ್ಪೆಂದು ಈ ಯಂತ್ರವು ತಿಳಿಸಿಕೊಡಬೇಕಾಯಿತು.

ಅಂದು ಮಧ್ಯಾಹ್ನ ಯಂತ್ರವನ್ನು ದೇವರಮನೆಯ ಪಕ್ಕದ ತಣ್ಣನೆಯ ಕೋಣೆಗೆ ಸಾಗಿಸಿದೆವು. ವೇಗವನ್ನು 4.4ಕ್ಕೇ ನಿಲ್ಲಿಸಿದೆವು. ಮಗಳು ಕೆಲಸವನ್ನು ತುಂಡುತುಂಡಾಗಿಸಿ, ಒಂದೊಂದು ತುಂಡು ಮುಗಿದೊಡನೆ ಫಲವನ್ನು ಉಳಿಸಿಡುವಂತೆ ಬರೆದಳು. ಅಲ್ಲಿಂದ ಮುಂದೆ ದೀಪ ಹೋದರೂ ಹಿಂದಿನ ದುಡಿಮೆ ಹೋಗಲಿಲ್ಲ. ವೇಗಕ್ಕೆ ಮುಂಚೆ ಇದನ್ನು ಮಾಡಬೇಕಾಗಿತ್ತೆಂದು ಅವಳೇ ಒಪ್ಪಿದಳು. ನಾವು ಅವಳಿಗೆ ಹೇಳಿದುದು ಒಂದೇ ಮಾತು: “ಯಂತ್ರ ತಾನೇ ನಡೆಯುತ್ತೆ, ನೀನು ಮಲಗು.” ಗಡುವಿಗೆ ಒಂದು ದಿನ ಮೊದಲೇ ಕೆಲಸವು ಸಲ್ಲಿಕೆಯಾಯಿತು. ಅವಳ ಯಂತ್ರವು ಈಗಲೂ ಕೆಲವೊಮ್ಮೆ ಬರವನ್ನು ಹುಳುವೆನ್ನುವುದುಂಟು. ಆದರೆ ನಮ್ಮ ನೆರೆಯವರ ತೋಟದಲ್ಲಿ ನಾವು ಬರವೆಂದುದನ್ನು ಅದು ಹುಳುವೆಂದಿತು. ಏಣಿ ಹಾಕಿ ಗರಿಯನ್ನು ತಿರುಗಿಸಿ ನೋಡಿದಾಗ ಬಲೆಯು ಕಂಡಿತು.

ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಯಂತ್ರವು ಕಂದಿಕೆರೆಯಲ್ಲಿಯೇ ಉಳಿದು, ಈ ಲೇಖನವೂ ಅದರಲ್ಲಿಯೇ ಬೆರಳಚ್ಚಾಗುತ್ತಿದೆ. 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿಯು ಕ್ವಿಂಟಾಲಿಗೆ 20,000 ರೂಪಾಯಿಗಳನ್ನು ದಾಟಿದಾಗ ಅಟ್ಟದ ತೊಲೆಗಳೂ ಬದಲಾದವು. ಸಂಸ್ಕೃತದಲ್ಲಿ ಗಣಕನೆಂದರೆ ಎಣಿಸುವವನು. ಎಷ್ಟು ಕೂಡಿಸಬೇಕೆಂಬುದನ್ನು ಎಣಿಸಿದಂತೆ, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಎಣಿಸಬೇಕು. ಮೊನ್ನೆ ಮಗಳು ದೂರವಾಣಿಯಲ್ಲಿ, ಯಂತ್ರದ ಧೂಳನ್ನು ಒರೆಸಿದಿರಾ ಎಂದು ಕೇಳಿದಳು. ಒರೆಸಿದೆವೆಂದು ಹೇಳಿ, ನೀನು ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ ಎಂದು ನಾವು ಕೇಳಿದೆವು.